ಐದು ಲಕ್ಷದ ಅಭಯ ಯಾರಿಗೆ?

ಬ್ಯಾಂಕು ಮುಳುಗಿದರೂ ಐದು ಲಕ್ಷ ರೂಪಾಯಿಯ ವಿಮೆ ಇರುವುದರಿಂದ ಸಣ್ಣ ಉಳಿತಾಯಗಾರನಾಗಲಿ ಸಣ್ಣ ಉದ್ಯಮಿಯಾಗಲಿ ಆತಂಕಪಡಬೇಕಿಲ್ಲವೆಂಬ ಅಭಿಪ್ರಾಯವು, ಮೊದಲನೆಯವನ ಮಟ್ಟಿಗೆ ಬಹುಪಾಲು ಸರಿಯಾದರೂ, ಎರಡನೆಯವನ ಮಟ್ಟಿಗೆ ಅರ್ಧಸತ್ಯ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮದ ಈ ಮಿತಿ, 2020ರಲ್ಲಿ ಒಂದು ಲಕ್ಷದಿಂದ ಐದಕ್ಕೇರಿದ್ದು, ಖಾತೆಗೊಂದರಂತೆ ದೊರೆಯದೆ, ಒಂದೇ ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ಒಬ್ಬನು ಒಂದೇ ಹಕ್ಕಿನಲ್ಲಿ ಇಟ್ಟ ಅಸಲು, ಬಡ್ಡಿಗಳಿಗೆಲ್ಲ ಒಟ್ಟಾಗಿ ಅನ್ವಯಿಸುತ್ತದೆ. ಹೀಗಾಗಿ ಮಹಾರಾಷ್ಟ್ರದ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಏಕಮಾಲೀಕನ ಚಾಲ್ತಿ ಖಾತೆಯೂ ಅವನ ಮನೆಯ ಉಳಿತಾಯವೂ ವಿಮೆಯ ಲೆಕ್ಕದಲ್ಲಿ ಒಂದೇ ಗಂಟು. ಪಾಲುದಾರಿಕೆ ಸಂಸ್ಥೆಗೋ ಕಂಪನಿಗೋ ಪ್ರತ್ಯೇಕ ಮಿತಿಯಿದ್ದರೂ ಅದು ಒಂದು ತಿಂಗಳ ಸಂಬಳಕ್ಕೂ ಸಾಲದಿರಬಹುದು.

ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದ 90 ದಿನಗಳೊಳಗೆ ವಿಮೆಯ ಹಣ ಕೈಸೇರಬೇಕೆಂಬ 2021ರ ತಿದ್ದುಪಡಿ ಸ್ವಾಗತಾರ್ಹವೇ. ಆದರೆ 2023ರ ಫೆಬ್ರವರಿಯಲ್ಲಿ ಔರಂಗಾಬಾದಿನ ಆದರ್ಶ ಮಹಿಳಾ ನಾಗರಿ ಸಹಕಾರಿ ಬ್ಯಾಂಕು, ಮದ್ದೂರಿನ ಶಿಂಷಾ ಸಹಕಾರ ಬ್ಯಾಂಕುಗಳ ಮೇಲೆ ನಿರ್ಬಂಧ ಬಿದ್ದಂಥ ಸಂದರ್ಭದಲ್ಲಿ ವಿದ್ಯುತ್ ಬಿಲ್ಲು ಮೂರು ತಿಂಗಳು ಕಾಯುತ್ತದೆಯೇ? ಇನ್ನು, ಮಹಾರಾಷ್ಟ್ರದ ಊರೂರಲ್ಲಿರುವ ಪತಸಂಸ್ಥೆಗಳು, ಅಂದರೆ ಪತ್ತಿನ ಸಹಕಾರ ಸಂಘಗಳು, ಬ್ಯಾಂಕಿನಂತೆಯೇ ಠೇವಣಿ ಪಡೆದರೂ, ಅಲ್ಲಿಟ್ಟ ಹಣಕ್ಕೆ ಈ ನಿಗಮದ ವಿಮೆ ಒಂದು ರೂಪಾಯಿಯಷ್ಟೂ ಇಲ್ಲ.