ಕಿವಿಯ ಹಿಂದಿನ ಗಾಯಕ್ಕೆ ಹೊಣೆ ಯಾರು?

ಹುಟ್ಟುಕಿವುಡು ಮಗುವಿಗೆ ಸರ್ಕಾರದ ಖರ್ಚಿನಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದಾಗ ಮಂತ್ರಿಗಳು ಬರುತ್ತಾರೆ, ಹಾರ ಬೀಳುತ್ತದೆ, ಭಾಷಣವಾಗುತ್ತದೆ. ಎರಡು ವರ್ಷದ ಮೇಲೆ ಅದೇ ಮಗುವಿನ ಕಿವಿಯ ಹಿಂದೆ ಚರ್ಮ ಕೆಂಪಾಗಿ ಕೀವು ಸೋರಿದರೆ ಯಾವ ಮಂತ್ರಿಯೂ ಬರುವುದಿಲ್ಲ. ಆ ದಿನದ ಹೊಣೆ ಯಾರದು? ನಮ್ಮ ಪ್ರಶ್ನೆ ಇಷ್ಟೆ.

ನಾವು ಈ ಶಸ್ತ್ರಕ್ರಿಯೆಯ ವಿರೋಧಿಗಳಲ್ಲ. ಅದರಿಂದ ಎಷ್ಟೋ ಮಕ್ಕಳು ಮಾತು ಕಲಿತಿದ್ದಾರೆ. ಗಾಯ ಕೆಡುವುದೂ ನೂರರಲ್ಲಿ ಕೆಲವರಿಗೆ ಮಾತ್ರ. ಆದರೆ ಆ ಕೆಲವರಲ್ಲಿ ಕೂಲಿಕಾರನ ಮಗುವೂ ಇದ್ದರೆ ಅದರ ಗತಿ ಏನೆಂದು ಕೇಳುವವರು ಬೇಕಲ್ಲವೆ?

ಕಿವಿಯ ಹಿಂದೆ ಚರ್ಮ ಕೊಯ್ದು, ಎಲುಬಿನ ಮೇಲೆ ಯಂತ್ರವನ್ನು ಕೂರಿಸಿ, ಅದರ ತಂತಿಯನ್ನು ಒಳಗಿವಿಗೆ ಇಳಿಸುತ್ತಾರೆ. ಯಂತ್ರದ ಹೊರಭಾಗವನ್ನು ಅಯಸ್ಕಾಂತವು ಚರ್ಮದ ಮೇಲಿಂದ ಹಿಡಿದಿಟ್ಟಿರುತ್ತದೆ. ಅಯಸ್ಕಾಂತದ ಬಿಗಿ ಹೆಚ್ಚಾದರೆ ನಡುವಿನ ಚರ್ಮಕ್ಕೆ ರಕ್ತ ಹರಿಯದೆ ಅದು ಸವೆದು ಹುಣ್ಣಾಗುತ್ತದೆ. ಮಕ್ಕಳ ಚರ್ಮ ತೆಳು. ಅವರು ಬೀಳುತ್ತಾರೆ, ತಲೆಗೆ ಪೆಟ್ಟಾಗುತ್ತದೆ, ನೆಗಡಿಯಿಂದ ಕಿವಿ ಸೋರುತ್ತದೆ. ದೊಡ್ಡವರಲ್ಲಿ ಸಕ್ಕರೆ ಕಾಯಿಲೆಯೂ ಬೀಡಿಯೂ ಗಾಯವನ್ನು ಬೇಗ ಮಾಯಗೊಡುವುದಿಲ್ಲ. ಸೋಂಕಿನ ಕ್ರಿಮಿಗಳು ಯಂತ್ರದ ಮೇಲೆ ಲೋಳೆಯ ಪದರ ಕಟ್ಟಿ ಕೂತವೆಂದರೆ ಔಷಧ ಅವನ್ನು ಸುಲಭವಾಗಿ ಮುಟ್ಟದು. ಕಡೆಗೆ ಯಂತ್ರವನ್ನೇ ತೆಗೆದು, ಗಾಯ ಮಾಯ್ದ ಮೇಲೆ ಇನ್ನೊಂದನ್ನು ಹಾಕಬೇಕಾಗಬಹುದು. ಅಲ್ಲಿಯವರೆಗೆ ಆ ಕಿವಿಗೆ ಮತ್ತೆ ಮೌನವೇ ಗತಿ.

ಕೇಂದ್ರದ ಎಡಿಪ್ ಯೋಜನೆಯನ್ನು 2014ರಲ್ಲಿ ಪರಿಷ್ಕರಿಸಿದಾಗ ವರ್ಷಕ್ಕೆ 500 ಮಕ್ಕಳಿಗೆ, ಯಂತ್ರವೊಂದಕ್ಕೆ 6 ಲಕ್ಷ ರೂಪಾಯಿಯವರೆಗೆ ಕೊಡುವುದೆಂದು ಗೊತ್ತುಮಾಡಿದರು. ಲೆಕ್ಕದ ಪುಸ್ತಕದಲ್ಲಿ ಯಂತ್ರ ಕೊಟ್ಟಲ್ಲಿಗೆ ಕೆಲಸ ಮುಗಿಯಿತು. ಮಗುವಿನ ತಲೆಯಲ್ಲಿ ಅದು ಮುಗಿಯುವುದಿಲ್ಲ. ಯಂತ್ರ ಇರುವಷ್ಟು ಕಾಲ ಅಪಾಯವೂ ಇರುತ್ತದೆ. 2002ರಲ್ಲಿ ಇದನ್ನು ಜಗತ್ತೇ ಕಂಡಿತು. ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಮಿದುಳು ಪೊರೆಯ ಉರಿಯೂತ ಕಾಣಿಸಿಕೊಂಡಿತೆಂದು ಅಮೆರಿಕದ ಔಷಧ ಆಡಳಿತ ಎಚ್ಚರಿಸಿತು. ಒಂದು ಕಂಪನಿ ತನ್ನ ಮಾದರಿಯನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಅಂಗಡಿಯಲ್ಲಿದ್ದ ಮಾಲನ್ನು ವಾಪಸು ಕಳಿಸಬಹುದು; ತಲೆಯೊಳಗೆ ಕೂತಿದ್ದನ್ನು ಹಾಗೆ ಕಳಿಸಲಾದೀತೆ? ನ್ಯುಮೊಕಾಕಸ್ ಲಸಿಕೆ ಹಾಕಿಸಲೇಬೇಕೆಂದು ವೈದ್ಯರು ಒತ್ತಿ ಹೇಳುವುದು ಇದಕ್ಕಾಗಿಯೇ.

ಮಗ್ಗದ ಮುಂದೆ ನಿಂತವನು ಗಾಯ ತೋರಿಸಲು ದೂರದ ಶಹರಕ್ಕೆ ಹೋದರೆ ಅಂದಿನ ಕೂಲಿ ಹೋಯಿತು, ಬಸ್ಸಿನ ದುಡ್ಡೂ ಹೋಯಿತು. ಚಿಲ್ಲರೆ ವ್ಯಾಪಾರಿ ಹೋದರೆ ಅಂಗಡಿಗೆ ಬೀಗ. ಆದ್ದರಿಂದಲೇ "ನಾಳೆ ನೋಡೋಣ" ಎನ್ನುತ್ತಾರೆ. ಆ ನಾಳೆಯಲ್ಲಿಯೇ ಗಾಯ ಕೆಡುತ್ತದೆ. ಇದು ತಾಯಿತಂದೆಯರ ಅಲಕ್ಷ್ಯವಲ್ಲ, ಬಡತನಕ್ಕೆ ವಿಧಿಸಿದ ದಂಡ.

ದಾನ ಕೊಟ್ಟ ಎಮ್ಮೆಯ ಹಲ್ಲು ನೋಡಬಾರದೆಂದು ಕೆಲವರು ನಮಗೆ ಬುದ್ಧಿ ಹೇಳಬಹುದು. ಇದು ದಾನವಲ್ಲ. ಬೆಂಕಿಪೊಟ್ಟಣ ಕೊಂಡವನೂ ತೆರಿಗೆ ಕೊಟ್ಟಿದ್ದಾನೆ. ಹಣ ನಮ್ಮದು, ಹಲ್ಲು ಎಣಿಸುವ ಹಕ್ಕೂ ನಮ್ಮದು.

ನಾವು ಕೇಳುವುದು ಇಷ್ಟು: ಇಂಪ್ಲಾಂಟ್ ಗಾಯವನ್ನು ನೋಡಬಲ್ಲ ಕಿವಿ ವೈದ್ಯರು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಇರಲಿ. ಯಂತ್ರ ತೆಗೆದು ಮತ್ತೆ ಹಾಕಬೇಕಾದರೆ ಅದರ ಪೂರ್ತಿ ಖರ್ಚು, ಬಸ್ಸಿನ ದುಡ್ಡು, ಕಳೆದ ಕೂಲಿ ಸರ್ಕಾರದ್ದಾಗಲಿ. ಎಷ್ಟು ಗಾಯ ಕೆಟ್ಟಿತು, ಎಷ್ಟು ಯಂತ್ರ ತೆಗೆಯಬೇಕಾಯಿತು ಎಂಬ ಲೆಕ್ಕವನ್ನು ವರ್ಷವರ್ಷವೂ ಜನರ ಮುಂದಿಡಲಿ. ಕಿವಿ ಕಳೆದುಕೊಂಡ ದೊಡ್ಡವರಿಗೂ ಇದೇ ನ್ಯಾಯ ಸಲ್ಲಲಿ.

ಅಲ್ಲಿಯತನಕ ನಮ್ಮ ಬಂಧುಗಳಿಗೆ ಒಂದು ಮಾತು. ಕಿವಿಯ ಹಿಂದೆ ಕೆಂಪು, ಊತ, ಬಿಸಿ, ನೋವು, ಸೋರಿಕೆ ಕಂಡರೆ ಯಂತ್ರದ ಹೊರಭಾಗವನ್ನು ತೆಗೆದಿಟ್ಟು ಅಂದೇ ವೈದ್ಯರಲ್ಲಿಗೆ ಹೋಗಿ. ಅರಿಶಿನ, ಎಣ್ಣೆ ಹಚ್ಚಿ ಕಾಯಬೇಡಿ. ಜ್ವರದೊಡನೆ ಕುತ್ತಿಗೆ ಸೆಟೆದರೆ ಒಂದು ಗಳಿಗೆಯೂ ತಡಮಾಡಬೇಡಿ. ವೈದ್ಯರಲ್ಲಿಗೆ ಹೋಗುವ ಕೆಲಸ ನಿಮ್ಮದು. ಅಲ್ಲಿ ವೈದ್ಯರು ಇರುವಂತೆ ಮಾಡುವ ಕೆಲಸ ಸರ್ಕಾರದ್ದು. ಅದನ್ನು ಮಾಡಿಸುವ ಹೋರಾಟ ನಮ್ಮೆಲ್ಲರದು.