ಡಾಕ್ಟ್ರೇ, ಓಆರ್‌ಎಸ್ ಬರೆದುಕೊಡಿ ಅನ್ನೋಣ

ನಮ್ಮ ಕಡೆ ಒಳ್ಳೆ ಡಾಕ್ಟರ್ ಅಂದರೆ ಸೂಜಿ ಚುಚ್ಚುವವರು, ಗ್ಲೂಕೋಸ್ ಬಾಟ್ಲಿ ಏರಿಸುವವರು. ನಾಲ್ಕು ಮಾತು ಕೇಳಿ, ಒಂದು ಪುಡಿ ಪೊಟ್ಟಣ ಕೊಟ್ಟು ಕಳಿಸಿದರೆ ‘ಏನೂ ಮಾಡ್ಲೇ ಇಲ್ಲ, ಬಸ್ ಚಾರ್ಜು ದಂಡ’ ಅಂತ ಗೊಣಗಿಕೊಂಡು ಬರುತ್ತೇವೆ. ಮಗುವಿಗೆ ವಾಂತಿ-ಭೇದಿ ಆದಾಗ ಈ ಲೆಕ್ಕಾಚಾರ ಅಪಾಯದ್ದು. ಭೇದಿಯಲ್ಲಿ ಮಗುವಿನ ಜೀವ ತೆಗೆಯುವುದು ಹೆಚ್ಚಾಗಿ ಮೈಯಿಂದ ಹರಿದುಹೋಗುವ ನೀರು ಮತ್ತು ಉಪ್ಪು. ಅದನ್ನು ವಾಪಸ್ ತುಂಬಿಕೊಡುವ ಔಷಧ ನಾವು ಹೀಗಳೆದ ಆ ಪುಡಿ ಪೊಟ್ಟಣದಲ್ಲೇ ಇದೆ. ಅದೇ ಓಆರ್‌ಎಸ್.

‘ಉಪ್ಪು ಸಕ್ಕರೆ ನೀರು ತಾನೇ, ಅದಕ್ಕೇನು ಶಕ್ತಿ?’ ಅನ್ನಬಹುದು. ಶಕ್ತಿ ಇರುವುದು ಅದರ ಅಳತೆಯಲ್ಲಿ. ಭೇದಿ ಆಗುತ್ತಿರುವಾಗಲೂ ನಮ್ಮ ಕರುಳು ಗ್ಲೂಕೋಸನ್ನೂ ಉಪ್ಪನ್ನೂ ಜೊತೆಯಾಗಿ ಒಳಗೆ ಎಳೆದುಕೊಳ್ಳುತ್ತದೆ. ಅವುಗಳ ಹಿಂದೆ ನೀರು ಹೋಗುತ್ತದೆ. ಸಕ್ಕರೆ ಹೆಚ್ಚಾದರೆ ಉಲ್ಟಾ ಆಗಿ, ನೀರು ಕರುಳಿಗೆ ಇಳಿದು ಭೇದಿ ಜಾಸ್ತಿಯಾಗುತ್ತದೆ. ಇನ್ನು ನಾವು ಆಸೆಪಟ್ಟು ಹಾಕಿಸಿಕೊಳ್ಳುವ ಬಾಟ್ಲಿ ನೋಡಿ. ಶೇ. 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಟೀ ಚಮಚ. ಉಪ್ಪು ಇಲ್ಲವೇ ಇಲ್ಲ. ಭೇದಿಯಲ್ಲಿ ಕಳೆದುಹೋದ ಉಪ್ಪನ್ನು ಅದು ಎಲ್ಲಿಂದ ತಂದುಕೊಟ್ಟೀತು?

ಓಆರ್‌ಎಸ್ ಅಜ್ಜಿ ಮದ್ದಿನ ಹಾಗೆ ಬಾಯಿಂದ ಬಾಯಿಗೆ ಬಂದದ್ದಲ್ಲ. 1960ರ ದಶಕದಲ್ಲಿ ಢಾಕಾ, ಕಲ್ಕತ್ತಗಳಲ್ಲಿ ಕಾಲರಾ ರೋಗಿಗಳಿಗೆ ಕುಡಿಸಿ, ಅಳೆದು, ಬರೆದಿಟ್ಟು ಪರೀಕ್ಷೆ ಮಾಡಿದರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ತುಂಬಿಕೊಂಡಿದ್ದಾಗ ಕಾಲರಾ ಹರಡಿತು. ಸಲೈನ್ ಬಾಟ್ಲಿಗಳು ಮುಗಿಯುತ್ತಾ ಬಂದವು. ಆಗ ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಡಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶಿಬಿರದಲ್ಲಿ ಶೇ. 30ರ ಹತ್ತಿರ ಇದ್ದ ಸಾವು ಶೇ. 3.6ಕ್ಕೆ ಇಳಿಯಿತು. ನರ್ಸಿಲ್ಲ, ಸೂಜಿಯಿಲ್ಲ, ಅಮ್ಮನ ಕೈಯಲ್ಲಿ ಲೋಟ ಮಾತ್ರ! ಸರ್ಕಾರ 2023ರಲ್ಲಿ ಅವರಿಗೆ ಪದ್ಮವಿಭೂಷಣ ಕೊಟ್ಟಿತು, ಅವರು ತೀರಿಹೋದ ಮೇಲೆ.

ಈಗ ‘ಪುರಾವೆ’ ಅನ್ನುವ ಮಾತಿಗೆ ಬರೋಣ. ‘ನಮ್ಮ ಭಾವನ ಮಗನಿಗೆ ಬಾಟ್ಲಿ ಹಾಕಿಸಿದ್ವಿ, ಮಾರನೇ ದಿನವೇ ಎದ್ದು ಓಡಾಡಿದ’ ಅನ್ನುತ್ತೇವಲ್ಲ, ಅದು ಸುಳ್ಳಲ್ಲ, ಆದರೆ ಪುರಾವೆಯೂ ಅಲ್ಲ. ಮಕ್ಕಳ ಭೇದಿ ಬಹುಪಾಲು ವೈರಸ್‌ನಿಂದ ಬಂದು ಕೆಲವು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ನಿಲ್ಲುವ ಹೊತ್ತಿಗೆ ಯಾರ ಬಾಟ್ಲಿ ಏರುತ್ತಿರುತ್ತದೋ ಅವರಿಗೆ ಹೆಸರು. ಬಾಟ್ಲಿ ಹಾಕಿಸದ ಮಗು ಹೇಗಿತ್ತು ಅಂತ ಪಕ್ಕದಲ್ಲಿಟ್ಟು ನೋಡಬೇಕು, ಅದೂ ಒಂದಿಬ್ಬರಲ್ಲ, ನೂರಾರು ಮಕ್ಕಳನ್ನು. ಹಾಗೆ ಹೋಲಿಸಿ ಗೆದ್ದದ್ದನ್ನೇ ಕೊಡುವುದಕ್ಕೆ ಪುರಾವೆ ಆಧಾರಿತ ಚಿಕಿತ್ಸೆ ಅನ್ನುತ್ತಾರೆ. ಹೋಲಿಸಿದಾಗ ಹಳೆಯದು ಸೋತರೆ ಅದನ್ನು ಬದಲಿಸಲೂ ಬೇಕು. ಓಆರ್‌ಎಸ್‌ಗೇ ಹೀಗಾಗಿದೆ. ಉಪ್ಪು, ಗ್ಲೂಕೋಸ್ ಕಡಿಮೆ ಇರುವ ಹೊಸ ಅಳತೆ ಕೊಟ್ಟ ಮಕ್ಕಳಲ್ಲಿ ಬಾಟ್ಲಿ ಹಾಕಬೇಕಾಗಿ ಬರುವುದು ಮೂರನೇ ಒಂದು ಭಾಗದಷ್ಟು ಕಡಿಮೆ ಅಂತ ಕಂಡಮೇಲೆ, ಸುಮಾರು ಇಪ್ಪತ್ತು ವರ್ಷದ ಹಿಂದೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ಹಳೇ ಅಳತೆಯನ್ನೇ ಬಿಟ್ಟುಕೊಟ್ಟಿತು.

ಇಷ್ಟೆಲ್ಲ ಗೊತ್ತಿದ್ದೂ ಡಾಕ್ಟರುಗಳು ಓಆರ್‌ಎಸ್ ಯಾಕೆ ಬರೆಯುವುದಿಲ್ಲ? ದುಡ್ಡಿಗಾಗಿ ಅಂತ ನಾವು ಕಟ್ಟೆ ಮೇಲೆ ಕೂತು ತೀರ್ಪು ಕೊಟ್ಟುಬಿಡುತ್ತೇವೆ. 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಬೇರೆಯೇ ಹೇಳುತ್ತದೆ. ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ, ಖಾಸಗಿಯಾಗಿ ಚಿಕಿತ್ಸೆ ಕೊಡುವ ಎರಡು ಸಾವಿರಕ್ಕೂ ಹೆಚ್ಚು ಜನರ ಬಳಿಗೆ, ಮಗುವಿಗೆ ಭೇದಿ ಅಂತ ಹೇಳುವ ತರಬೇತಿ ಪಡೆದವರನ್ನು ಕಳಿಸಿದರು. ಕೆಲವರು ಓಆರ್‌ಎಸ್ ಬೇಕು ಅಂದರು, ಕೆಲವರು ಆಂಟಿಬಯೋಟಿಕ್ ಬೇಕು ಅಂದರು, ಕೆಲವರು ಏನೂ ಕೇಳಲಿಲ್ಲ. ಇನ್ನು ಕೆಲವರು ಔಷಧ ಬೇರೆ ಕಡೆ ತಗೋತೀವಿ ಅಂದರು, ಲಾಭದ ಆಸೆ ಎಷ್ಟಿದೆ ಅಂತ ತಿಳಿಯಲಿಕ್ಕೆ. ಓಆರ್‌ಎಸ್ ಬರೆಯದಿರುವುದಕ್ಕೆ ಲಾಭದ ಆಸೆ ಕಾರಣವಾಗಿದ್ದು ಶೇ. 5 ಮಾತ್ರ. ಸ್ಟಾಕ್ ಇಲ್ಲದ್ದು ಶೇ. 6. ‘ಈ ಜನಕ್ಕೆ ಓಆರ್‌ಎಸ್ ಬೇಡ’ ಅನ್ನುವ ಊಹೆ ಶೇ. 42! ಬಾಯಿಬಿಟ್ಟು ಕೇಳಿದವರಿಗೆ ಓಆರ್‌ಎಸ್ ಸಿಕ್ಕಿದ್ದು, ಕೇಳದವರಿಗಿಂತ ನೂರಕ್ಕೆ 27 ಹೆಚ್ಚು.

ಡಾಕ್ಟರುಗಳನ್ನು ನಾನು ಇದರಲ್ಲಿ ಪೂರ್ತಿ ಬಿಡುವುದಿಲ್ಲ. ಊಹೆ ಮಾಡುವ ಬದಲು ಕೇಳಬಹುದಿತ್ತು, ಎರಡು ಮಾತು ತಿಳಿಸಿ ಹೇಳಬಹುದಿತ್ತು. ಆದರೆ ಅವರು ಬದಲಾಗಲಿ ಅಂತ ಕಾಯುತ್ತಾ ಕೂರಬೇಕಾಗಿಲ್ಲ. ‘ಡಾಕ್ಟ್ರೇ, ಓಆರ್‌ಎಸ್ ಸಾಕಾ? ಜಿಂಕ್ ಮಾತ್ರೆ ಕೊಡ್ತೀರಾ? ಈ ಆಂಟಿಬಯೋಟಿಕ್ ಯಾಕೆ?’ ಇಷ್ಟು ಕೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಆಸ್ಪತ್ರೆಗೆ ಹೋಗುವ ಮೊದಲೇ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ. ಓಆರ್‌ಎಸ್ ಪೊಟ್ಟಣ ಮತ್ತು ಜಿಂಕ್ ಅವರು ಪುಕ್ಕಟೆ ಕೊಡುವಂಥದ್ದು. ಜಿಂಕ್ 14 ದಿನ ಕೊಡಬೇಕು, ಭೇದಿ ನಿಂತರೂ ಬಿಡಬಾರದು. ಎದೆಹಾಲು, ಊಟ ನಿಲ್ಲಿಸಬೇಡಿ.

ಬಾಟ್ಲಿ ಬೇಡವೇ ಬೇಡ ಅಂತಲೂ ಹಟ ಹಿಡಿಯಬಾರದು. ಮಗು ಕುಡಿದದ್ದನ್ನೆಲ್ಲ ವಾಂತಿ ಮಾಡುತ್ತಿದ್ದರೆ, ಕುಡಿಯಲಾಗದಷ್ಟು ಮಂಕಾಗಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಅಲ್ಲಿ ಬಾಟ್ಲಿ ಜೀವ ಉಳಿಸುತ್ತದೆ. ಅದಕ್ಕೂ ಪುರಾವೆ ಇದೆ.

ಕೊನೆಗೊಂದು ಮಾತು. ಪುಟ್ಟ ಡಬ್ಬಿಗಳಲ್ಲಿ ಬರುವ ಸಿಹಿ ಹಣ್ಣಿನ ಪಾನೀಯಗಳನ್ನು ಓಆರ್‌ಎಸ್ ಹೆಸರಲ್ಲಿ ವರ್ಷಗಟ್ಟಲೆ ಮಾರಿದ್ದಾರೆ. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಮೇಲೆ ಆ ಹೆಸರು ಹಾಕಕೂಡದು ಅಂತ ಆದೇಶ ಮಾಡಿತು. ಮೆಡಿಕಲ್ ಅಂಗಡಿಯಲ್ಲಿ ಡಬ್ಬಿ ಚಾಚಿದರೆ ವಾಪಸ್ ಕೊಟ್ಟು, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರುವ ಪುಡಿ ಪೊಟ್ಟಣ ಕೇಳಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪುಡಿ ಹಾಕಿ. ಕಲಸಿದ್ದನ್ನು 24 ಗಂಟೆ ಆದಮೇಲೆ ಚೆಲ್ಲಿಬಿಡಿ.