ಅಜ್ಜನ ಜೀಪು ಯಾಕೆ ನಡುಗುತ್ತದೆ?

ಈ ವಾರದ ಪತ್ರ ಮಲೆನಾಡಿನ ಒಂದು ಕಾಫಿ ತೋಟದಿಂದ ಬಂದಿದೆ. ಬರೆದವನು ಏಳನೆಯ ತರಗತಿಯ ಹುಡುಗ. ಅವನ ಅಜ್ಜನ ಹತ್ತಿರ ಹಳೆಯ ಪೆಟ್ರೋಲ್ ಜೀಪೊಂದಿದೆ. ಗೊಬ್ಬರ, ಕಾಫಿ ಮೂಟೆ ಹೇರಲು ಹಿಂಭಾಗವನ್ನು ಪುಟ್ಟ ಲಾರಿಯಂತೆ ಮಾಡಿಸಿದ್ದಾರಂತೆ. ಓಡುವಾಗ ಚೆನ್ನಾಗಿ ಓಡುತ್ತದೆ, ನಿಲ್ಲಿಸಿದರೆ ಗಡಗಡ ನಡುಗಿ ಆಫ್ ಆಗುತ್ತದೆ. ‘ಗುಜರಿಗೆ ಹಾಕಿ’ ಎನ್ನುತ್ತಾರೆ ದೊಡ್ಡಪ್ಪ. ಅಜ್ಜ ಬಾಯಿ ಬಿಡುತ್ತಿಲ್ಲ.

ದೊಡ್ಡಪ್ಪನವರು ಒಂದು ಭಾನುವಾರ ತಾಳಬೇಕೆಂದು ನನ್ನ ವಿನಂತಿ. ಓಡುವಾಗ ಸರಿಯಿದ್ದು ನಿಂತಾಗ ಮಾತ್ರ ನಡುಗುವ ಇಂಜಿನ್ ಮುದಿಯಾಗಿದೆ ಎಂದು ಹೇಳುವ ಮುಂಚೆ ಒಂದು ಸ್ಕ್ರೂ ಡ್ರೈವರ್‌ನಿಂದ ಅದರ ಮಾತು ಕೇಳಬಹುದು. ಬ್ಯಾಂಕಿನ ಗುಮಾಸ್ತನಿಗೆ ಇದೆಲ್ಲ ಹೇಗೆ ಗೊತ್ತು ಎನ್ನಬೇಡಿ. ಬೆಳೆ ಸಾಲದ ತೋಟಗಳನ್ನು ನೋಡಲು ಇಂಥ ಜೀಪುಗಳಲ್ಲೇ ಕುಳಿತು ಸೊಂಟ ಸವೆಸಿದವನು ನಾನು. ಅವು ಕೆಟ್ಟು ನಿಂತಾಗ ನೋಡುತ್ತಾ ನಿಲ್ಲುವುದಲ್ಲದೆ ಬೇರೆ ಕೆಲಸವೂ ಇರುತ್ತಿರಲಿಲ್ಲ.

ಆ ಕಾಲದ ಬಹುಪಾಲು ಪೆಟ್ರೋಲ್ ಜೀಪುಗಳಲ್ಲಿ ಇದ್ದದ್ದು ಅಮೆರಿಕದ ವಿಲ್ಲೀಸ್ ಕಂಪನಿಯ ಹರಿಕೇನ್ ಎಂಬ ಇಂಜಿನ್. ನಾಲ್ಕು ಸಿಲಿಂಡರ್, ಸುಮಾರು 2.2 ಲೀಟರ್. ನಮ್ಮಲ್ಲಿ ಮಹೀಂದ್ರಾದವರು ಅದನ್ನೇ ಕೂರಿಸುತ್ತಿದ್ದರು. ನಿಂತಲ್ಲಿ ಅದು ನಿಮಿಷಕ್ಕೆ 600 ಸುತ್ತು ತಿರುಗಿದರೆ ಸಾಕು. ಮಕ್ಕಳೇ, ಲೆಕ್ಕ ಹಾಕಿ: ಸೆಕೆಂಡಿಗೆ ಹತ್ತು ಸುತ್ತು. ಎರಡು ಸುತ್ತಿಗೆ ಒಂದು ಸಲ ಪ್ರತಿ ಸಿಲಿಂಡರಿನಲ್ಲೂ ಪೆಟ್ರೋಲ್ ಉರಿಯುತ್ತದೆ. ಅಂದರೆ ನಾಲ್ಕೂ ಸೇರಿ ಸೆಕೆಂಡಿಗೆ 20 ಸಲ! ಅದರಲ್ಲಿ ನಾಲ್ಕಾರು ತಪ್ಪಿದರೂ ಸೀಟಿನಲ್ಲಿ ಕುಳಿತವರ ಹಲ್ಲು ಕಟಕಟ ಎನ್ನುತ್ತದೆ.

ಪೆಟ್ರೋಲ್ ಒಂದೇ ಉರಿಯುವುದಿಲ್ಲ, ಗಾಳಿ ಬೇಕು. ಎಷ್ಟು ಗೊತ್ತೇ? ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕಾಗುತ್ತದೆ. ಇವೆರಡನ್ನೂ ಬೆರೆಸುವ ಅಡುಗೆಭಟ್ಟನೇ ಕಾರ್ಬುರೇಟರ್. ಈಗಿನ ಕಾರುಗಳಲ್ಲಿ ಈ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಅಜ್ಜನ ಜೀಪಿನಲ್ಲಿ ಎರಡು ಸ್ಕ್ರೂ ಮಾಡುತ್ತವೆ.

ಕಾಲು ತೆಗೆದಾಗ ಕಾರ್ಬುರೇಟರಿನ ಒಳಗಿನ ತಟ್ಟೆಯಂಥ ಬಾಗಿಲು ಮುಚ್ಚಿಕೊಳ್ಳುತ್ತದೆ. ಪೂರ್ತಿ ಮುಚ್ಚಿದರೆ ಇಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಆದ್ದರಿಂದ ಒಂದು ಸ್ಕ್ರೂ ಆ ಬಾಗಿಲನ್ನು ಕೂದಲೆಳೆಯಷ್ಟು ತೆರೆದು ಹಿಡಿದಿರುತ್ತದೆ. ಇದು ಐಡ್ಲಿಂಗ್ ಸ್ಕ್ರೂ. ಇನ್ನೊಂದಕ್ಕೆ ಸೂಜಿಯಂಥ ತುದಿ. ಇದು ಮಿಕ್ಸ್ಚರ್ ಸ್ಕ್ರೂ. ಒಳಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಹೊರಕ್ಕೆ ತಿರುಗಿಸಿದರೆ ಹೆಚ್ಚು. (ಹಳೆಯ ಬೈಕುಗಳ ಏರ್ ಸ್ಕ್ರೂ ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಅಪ್ಪನ ಬೈಕಿಗೆ ಇದೇ ಪಾಠ ಓದಿ ಕೈ ಹಾಕಬೇಡಿ.)

ಜೀಪು ಆಫ್ ಆಗುತ್ತದೆ ಎಂದರೆ ಎಲ್ಲರೂ ಮಾಡುವುದೇನು? ಐಡ್ಲಿಂಗ್ ಸ್ಕ್ರೂ ಬಿಗಿಮಾಡಿ ವೇಗ ಏರಿಸಿಬಿಡುತ್ತಾರೆ. ನಡುಕ ನಿಂತಂತೆ ಕಾಣುತ್ತದೆ. ನಮ್ಮ ಕಾಲದಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮನೆಗೆ ಹೋಗುವುದಿತ್ತು. ಪುಸ್ತಕ ತಾಳೆಯಾಯಿತು, ತಪ್ಪು ಮಾತ್ರ ಒಳಗೇ ಇದೆ! ಇದೂ ಹಾಗೆಯೇ. ಪೆಟ್ರೋಲ್ ಸುಮ್ಮನೆ ಸುರಿಯುತ್ತಿರುತ್ತದೆ.

ಅಜ್ಜಂದಿರೇ, ಮೊದಲು ಪ್ಲಗ್, ಪಾಯಿಂಟ್, ಏರ್ ಕ್ಲೀನರ್ ಸರಿಯಿವೆಯೇ ನೋಡಿಸಿ. ಆಮೇಲೆ ಒಂದು ಕಾಲು ಗಂಟೆ ಓಡಿಸಿ ಇಂಜಿನ್ ಬಿಸಿಮಾಡಿ. ತಣ್ಣಗಿರುವಾಗ ಮಾಡಿದ ಹೊಂದಾಣಿಕೆ ಬಿಸಿಯಾದಾಗ ನಿಲ್ಲುವುದಿಲ್ಲ. ಚೋಕ್ ಗುಂಡಿ ಪೂರ್ತಿ ಒಳಗಿರಲಿ, ಗೇರ್ ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ. ಇಂಜಿನ್ ನಿಲ್ಲಿಸಿ ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ. ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಮೊಮ್ಮಗ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಕೆಲಸ ಕೈಕೊಟ್ಟರೆ ಹಿಂದಿನ ಜಾಗಕ್ಕೆ ಮರಳಲು ಆ ಅಂಕಿಯೇ ಗತಿ. ತಳ ಮುಟ್ಟಿದ ಮೇಲೆ ಬಿಗಿಯಬೇಡಿ, ಸೂಜಿಯ ತುದಿಗೆ ಗಾಡಿ ಬಿದ್ದು ಕೆಡುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ ತಂದು ಸ್ಟಾರ್ಟ್ ಮಾಡಿ.

ಇನ್ನು ಕಿವಿಯ ಕೆಲಸ. ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಕಾಲು ಸುತ್ತಿನಂತೆ ಒಳಕ್ಕೆ ತನ್ನಿ. ಒಂದು ಹಂತದಲ್ಲಿ ಇಂಜಿನ್ ಮುಗ್ಗರಿಸುತ್ತದೆ. ಪೆಟ್ರೋಲ್ ಸಾಲದು ಎಂದರ್ಥ. ಈಗ ಹೊರಕ್ಕೆ ಬನ್ನಿ: ಸದ್ದು ನುಣುಪಾಗಿ ವೇಗ ಏರುತ್ತದೆ. ಇನ್ನೂ ಹೊರಕ್ಕೆ ಹೋದರೆ ಹೊಟ್ಟೆ ಬಿರಿಯ ಉಂಡವರಂತೆ ಡುಬುಡುಬು ಎನ್ನುತ್ತದೆ, ಮೂಗಿಗೆ ಹಸಿ ಪೆಟ್ರೋಲಿನ ವಾಸನೆ ಬರುತ್ತದೆ. ಇವೆರಡರ ನಡುವೆ ಅತಿ ನುಣುಪಾದ, ಅತಿ ವೇಗದ ಜಾಗವೇ ನಮಗೆ ಬೇಕಾದದ್ದು. ವೇಗ ಏರಿದೆಯಲ್ಲ, ಅದನ್ನು ಐಡ್ಲಿಂಗ್ ಸ್ಕ್ರೂನಿಂದ ಇಳಿಸಿ. ಬಾಗಿಲು ಮುಚ್ಚಿದ್ದರಿಂದ ಮಿಶ್ರಣ ಸ್ವಲ್ಪ ಬದಲಾಗಿರುತ್ತದೆ, ಮತ್ತೆ ಮೊದಲನೆಯದಕ್ಕೆ ಬನ್ನಿ. ಎರಡು ಮೂರು ಸಲ ಹೀಗೆ ಹೋಗಿ ಬಂದರೆ ಎರಡೂ ಸ್ಕ್ರೂಗಳಿಗೆ ರಾಜಿಯಾಗುತ್ತದೆ.

ಮಿಕ್ಸ್ಚರ್ ಸ್ಕ್ರೂ ಪೂರ್ತಿ ಒಳಗೆ ಹೋದರೂ ಇಂಜಿನ್ ಲಕ್ಷ್ಯವೇ ಇಲ್ಲದೆ ಓಡುತ್ತಿದ್ದರೆ? ಬಾಗಿಲು ಮೊದಲೇ ಹೆಚ್ಚು ತೆರೆದಿದೆ, ಅಥವಾ ಪೆಟ್ರೋಲ್ ಬೇರೆ ದಾರಿಯಿಂದ ನುಗ್ಗುತ್ತಿದೆ. ಎಷ್ಟು ತಿರುಗಿಸಿದರೂ ಮುಗ್ಗರಿಸುವುದು ನಿಲ್ಲದಿದ್ದರೆ ಕಾರ್ಬುರೇಟರಿನ ಕೆಳಗೆ ಎಲ್ಲೋ ಗಾಳಿ ಸೋರುತ್ತಿರಬಹುದು, ಸುಯ್ ಎಂಬ ಸದ್ದಿಗೆ ಕಿವಿಗೊಡಿ. ಇಲ್ಲಿಂದ ಮುಂದಿನದು ಮೆಕ್ಯಾನಿಕ್ಕಿನ ಕೆಲಸ.

ಎರಡು ಮಾತು ಗಟ್ಟಿಯಾಗಿ ಹೇಳಬೇಕು. ತಿರುಗುವ ಫ್ಯಾನಿನ ಹತ್ತಿರ ಅಜ್ಜನ ಪಂಚೆಯ ಅಂಚು, ಮೊಮ್ಮಗಳ ಜಡೆ, ದುಪಟ್ಟಾ ಯಾವುದೂ ಸುಳಿಯಕೂಡದು. ಮತ್ತೆ, ಈ ಕೆಲಸ ಅಂಗಳದಲ್ಲೇ ಆಗಬೇಕು. ಹೊರಗೆ ಮಳೆ ಎಂದು ಶೆಡ್ಡಿನ ಬಾಗಿಲು ಹಾಕಿ ಮಾಡುವಂತಿಲ್ಲ. ಗಾಳಿ ಸಾಲದೆ ಅರೆಬರೆ ಉರಿದ ಪೆಟ್ರೋಲಿನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಅಂಟಿಸಿಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಏಳುವುದೇ ಇಲ್ಲ. ನೀಲಿ ಹೊಗೆ, ಕಪ್ಪು ಹೊಗೆ ಕಾಣಲಿಲ್ಲವಲ್ಲ ಎಂದು ಧೈರ್ಯ ಮಾಡಬೇಡಿ. ಕಾಣದ್ದೇ ಇದರ ಅಪಾಯ.

ಎಮಿಷನ್ ಟೆಸ್ಟಿನವರು ಸೈಲೆನ್ಸರಿಗೆ ಕೊಳವೆ ತೂರಿಸಿ ಇಂಜಿನ್ ಐಡ್ಲಿಂಗಿನಲ್ಲಿರುವಾಗ ಅಳೆಯುವುದೂ ಈ ಅನಿಲವನ್ನೇ. ಅವರು ಕೊಡುವ ಚೀಟಿಯಲ್ಲಿ ಸಿಒ ಎಂಬುದರ ಮುಂದೆ ಶೇಕಡಾ ಲೆಕ್ಕದ ಅಂಕಿ ಇರುತ್ತದೆ. ಕಳೆದ ಸಲದ ಚೀಟಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಸಿಗಬಹುದು. ಅದನ್ನು ನೋಟ್‌ಬುಕ್ಕಿಗೆ ಅಂಟಿಸಿ, ಹೊಸ ಚೀಟಿಯನ್ನು ಪಕ್ಕದಲ್ಲಿಟ್ಟು ದೊಡ್ಡಪ್ಪನವರಿಗೆ ತೋರಿಸಿ.